ಮಡದಿಯರ ಹೆಸರಿನ ಬಾವಿಗಳು

ಮದುವೆಯ ದಿನಗಳಲ್ಲಿ ಗುಡ್ಡಾಪುರದ ದಾನಮ್ಮದೇವಿಯ ಗುಡಿಯ ಮುಂದೆ ಅರ್ಧ ತಾಸು ನಿಂತವರಿಗೆ, ಅರಿಷಿಣದ ಬಣ್ಣ ಇನ್ನೂ ಮಾಸದ ಜೋಡಿಗಳು ಒಂದರ ಹಿಂದೊಂದು ಬರುವುದು ಕಾಣುತ್ತದೆ. ಜತ್ತ, ಮಂಗಳವೇಢೆ, ಇಂಡಿ, ವಿಜಯಪುರ ಸೀಮೆಯ ಎಷ್ಟೋ ಹೊಸ ದಂಪತಿಗಳ ಮೊದಲ ಪ್ರಯಾಣ ಇಲ್ಲಿಗೇ. ಐತಿಹ್ಯದ ಪ್ರಕಾರ ದಾನಮ್ಮ ನಮ್ಮ ತಾಲ್ಲೂಕಿನದೇ ಆದ ಉಮರಾಣಿಯ ಲಿಂಗಮ್ಮ. ಸಂಖದ ಸೋಮನಾಥನ ಕೈಹಿಡಿದವಳು. ಕಲ್ಯಾಣಕ್ಕೆ ಹೋಗಿ, ದಾಸೋಹದಿಂದ ಹೆಸರಾಗಿ, ಬಸವಣ್ಣನವರಿಂದ ‘ದಾನಮ್ಮ’ ಎನಿಸಿಕೊಂಡವಳು. ಉಮರಾಣಿಯಿಂದ ಕಲ್ಯಾಣಕ್ಕೆ ಕಾಲುನಡಿಗೆಯ ದಾರಿ ಎಷ್ಟು ದಿನದ್ದೆಂಬುದನ್ನು ನಮ್ಮ ಮಕ್ಕಳು ನಕ್ಷೆಯನ್ನಿಟ್ಟುಕೊಂಡು ಲೆಕ್ಕ ಹಾಕಬಹುದು.

ಈಚೆಗೆ ಗುಡ್ಡಾಪುರದ ನಂತರ ಎರಡನೆಯ ಪ್ರಯಾಣವೊಂದು ರೂಢಿಗೆ ಬಂದಿದೆ. ಮೊದಲು ಅದು ಮಹಾಬಳೇಶ್ವರಕ್ಕೋ ಗೋವೆಗೋ ನಿಲ್ಲುತ್ತಿತ್ತು. ಈಗ ರಾಜಸ್ಥಾನದವರೆಗೆ ಚಾಚಿದೆ. ಜೋಧಪುರದ ಕೋಟೆ, ಜೈಸಲ್ಮೇರಿನ ಮರಳ ದಿಬ್ಬ, ಒಂಟೆಯ ಮೇಲೆ ಕುಳಿತ ಒಂದು ಛಾಯಾಚಿತ್ರ. ತಾಲ್ಲೂಕಿನ ಪೂರ್ವ ಭಾಗದ ಒಂದು ಹಳ್ಳಿಯ ದಂಪತಿಗೂ ಇದೇ ಆಸೆಯಿತ್ತು. ವರನದು ದಾಳಿಂಬೆಯ ತೋಟ. ವಧು ಇಂಡಿ ತಾಲ್ಲೂಕಿನವಳು, ಕನ್ನಡ ಮಾಧ್ಯಮದಲ್ಲಿ ಓದಿ ಡಿ.ಎಡ್. ಮುಗಿಸಿದವಳು. ಆದರೆ ದಾಳಿಂಬೆಯ ಗಿಡ ಒಡೆಯನನ್ನು ಐದು ದಿನಕ್ಕಿಂತ ಹೆಚ್ಚು ಬಿಡುವುದಿಲ್ಲ. “ಮರುಭೂಮಿ ನೋಡಲು ಅಷ್ಟು ದೂರವೇಕೆ? ಏಪ್ರಿಲ್ ತಿಂಗಳಿನಲ್ಲಿ ಹಿತ್ತಲ ಬಾಗಿಲು ತೆರೆದರೆ ಸಾಕು” ಎಂದು ಮನೆಯ ಅಜ್ಜಿ ನಕ್ಕರಂತೆ. ಕೊನೆಗೆ ಅಣ್ಣನ ಜೀಪು ತೆಗೆದುಕೊಂಡು ಅವರು ಹೊರಟದ್ದು ಬರದ ನಾಡಿನ ಹಳೆಯ ರಾಜಧಾನಿಗಳ ದಾರಿಯಲ್ಲಿ: ವಿಜಯಪುರ, ಕಲಬುರಗಿ, ಬೀದರ, ಬಸವಕಲ್ಯಾಣ, ಮರಳುವಾಗ ಸೋಲಾಪುರ. ಅವರಿಂದ ಕೇಳಿದ್ದನ್ನೂ ನನಗೆ ತಿಳಿದುದನ್ನೂ ಸೇರಿಸಿ ಈ ವಾರ ಬರೆಯುತ್ತಿದ್ದೇನೆ.

ಅಜ್ಜಿಯ ಮಾತು ಹಾಸ್ಯವಾದರೂ ಪೂರ್ತಿ ಹಾಸ್ಯವಲ್ಲ. ಜೈಸಲ್ಮೇರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 200 ಮಿಲಿಮೀಟರಿಗೂ ಕಡಿಮೆ. ನಮ್ಮಲ್ಲಿ ಸುಮಾರು 500ರ ಆಸುಪಾಸು. ಮಳೆ ಹೆಚ್ಚಿದ್ದೂ ಟ್ಯಾಂಕರಿನ ಹಾದಿ ಕಾಯುವವರು ನಾವು. ಹೆಣ್ಣು ಕೊಡುವವರು ಮೊದಲು ಹೊಲವೆಷ್ಟು ಎಂದು ಕೇಳುತ್ತಿದ್ದರು. ಈಗ ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಎಂದು ಕೇಳುತ್ತಾರೆ. ಈ ವಧುವಿನ ತಂದೆ ಕೇಳಿದ ಪ್ರಶ್ನೆಗಳು ಎರಡು. ಒಂದು ಇದೇ. ಇನ್ನೊಂದು, ಮುಂದೆ ಮಕ್ಕಳಾದರೆ ಯಾವ ಶಾಲೆಗೆ ಕಳುಹಿಸುತ್ತೀರಿ ಎಂಬುದು. ವರನ ಕಡೆಯವರು ಎರಡನೆಯದಕ್ಕೆ ಬೇಗ ಉತ್ತರಿಸಿದರು, ಮೊದಲನೆಯದಕ್ಕೆ ತಡವರಿಸಿದರು.

ಗುಹಾಗರ–ವಿಜಯಪುರ ಹೆದ್ದಾರಿಯಲ್ಲಿ ಪೂರ್ವಕ್ಕೆ ನಡೆದರೆ ದೂರದಿಂದಲೇ ಗೋಳಗುಮ್ಮಟ ಕಣ್ಣಿಗೆ ಬೀಳುತ್ತದೆ. ಜತ್ತಕ್ಕೆ ಇದು ಪರವೂರಲ್ಲ. ಜತ್ತ ಸಂಸ್ಥಾನವನ್ನು ಆಳಿದ ಡಫಳೆ ಮನೆತನಕ್ಕೆ ದೇಶಮುಖಿ ದೊರೆತದ್ದು ಆದಿಲಶಾಹಿಯಿಂದಲೇ. ಎಲ್ಲರೂ ಗುಮ್ಮಟವನ್ನೇರಿ ಕೂಗು ಹಾಕಿ, ಪ್ರತಿಧ್ವನಿ ಕೇಳಿ, ಮರಳಿಬಿಡುತ್ತಾರೆ. ಈ ದಂಪತಿ ಕೂಗಿದ ಮೇಲೆ ಬಾವಿಗಳನ್ನು ಹುಡುಕಿಕೊಂಡು ಹೋದರೆಂಬುದೇ ನನಗೆ ಹಿಡಿಸಿದ ಸಂಗತಿ.

ವಿಜಯಪುರಕ್ಕೆ ನದಿಯಿಲ್ಲ. ಕೃಷ್ಣೆಯೂ ಭೀಮೆಯೂ ದೂರ. ಆದರೂ ಅಲ್ಲಿ ಒಂದು ಮಹಾನಗರ ಬೆಳೆಯಿತು. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಜನ ಅಲ್ಲಿಂದ ಇಲ್ಲಿಗೆ ಹರಿದುಬಂದು, ಊರಿನ ಬಾಯಾರಿಕೆ ಇಮ್ಮಡಿಯಾಯಿತು. ಒಂದನೆಯ ಅಲಿ ಆದಿಲಶಾಹ 1579ರಲ್ಲಿ ಶಹಾಪುರ ಬಾಗಿಲಿನ ಬಳಿ ದೊಡ್ಡದೊಂದು ಬಾವಿಯನ್ನು ಕಟ್ಟಿಸಿ, ಅದಕ್ಕೆ ತನ್ನ ಮಡದಿ ಚಾಂದಬೀಬಿಯ ಹೆಸರಿಟ್ಟನು. ಅದೇ ಚಾಂದ್ ಬಾವಡಿ. ಅದರ ಮಾದರಿಯಲ್ಲಿ, ಇನ್ನಷ್ಟು ಹಿರಿದಾಗಿ, 1620ರಲ್ಲಿ ಎದ್ದುದು ತಾಜ್ ಬಾವಡಿ. ಮಲಿಕ್ ಸಂದಲ್ ಕಟ್ಟಿದ ಇದು ಎರಡನೆಯ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಾಳ ಹೆಸರಿನದು. ಒಂದೊಂದು ಬದಿ ಇನ್ನೂರು ಅಡಿಗೂ ಮಿಕ್ಕಿದ ಕೊಳ, ಮುಂದೆ ಮಹಾಕಮಾನು, ಕಮಾನಿನ ಎರಡೂ ಪಕ್ಕ ಎಂಟು ಮೂಲೆಯ ಗೋಪುರಗಳು. ಇಳಿದು ಹೋಗುವವನಿಗೆ ಅರಮನೆಯನ್ನು ಹೊಕ್ಕಂತೆ ತೋರುತ್ತದೆ. ಬಹುಕಾಲ ಕಸ ತುಂಬಿದ್ದ ಈ ಬಾವಡಿಯ ಹೂಳನ್ನು ಈಚಿನ ವರ್ಷಗಳಲ್ಲಿ ತೆಗೆಯಲಾಗಿದೆ. ಇನ್ನು 1651ರ ಬೇಗಂ ತಲಾಬು. ಇದು ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲಶಾಹನು ತನ್ನ ಬೇಗಮಳ ನೆನಪಿಗೆ ಕಟ್ಟಿಸಿದ ಕೆರೆ. ಅಲ್ಲಿಂದ ಊರಿಗೆ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ದಾರಿಯುದ್ದಕ್ಕೂ ‘ಗಂಜ್’ ಎಂಬ ಕಲ್ಲಿನ ಗೋಪುರಗಳು. ನೀರು ಗೋಪುರದೊಳಗೆ ಮೇಲೇರಿ ಇಳಿಯುವಾಗ ಒತ್ತಡ ತಗ್ಗಿ ಕೊಳವೆಗಳು ಒಡೆಯದೆ ಉಳಿಯುತ್ತಿದ್ದವು. ನೀರಿನಲ್ಲಿದ್ದ ರಾಡಿ ತಳದಲ್ಲಿಯೇ ನಿಲ್ಲುತ್ತಿತ್ತು. ವಿಜ್ಞಾನದ ಪುಸ್ತಕದಲ್ಲಿ ‘ದ್ರವದ ಒತ್ತಡ’ ಎಂಬ ಪಾಠವನ್ನು ಬಾಯಿಪಾಠ ಮಾಡುವ ಮಕ್ಕಳಿಗೆ ಈ ಗೋಪುರವೊಂದನ್ನು ತೋರಿಸಿದರೆ ಗುರುಗಳ ಅರ್ಧ ಶ್ರಮ ಉಳಿದೀತು.

ಚಾಂದಬೀಬಿಯ ವಿಷಯದಲ್ಲಿ ಇನ್ನೆರಡು ಮಾತು ಹೇಳಲೇಬೇಕು. ಅವಳು ಅಹಮದನಗರದ ಹುಸೇನ ನಿಜಾಮಶಾಹನ ಮಗಳು. ಮರಾಠಿಯ ಸೀಮೆಯಿಂದ ಕನ್ನಡದ ಸೀಮೆಗೆ ಬಂದ ಸೊಸೆ. ವಿಜಯನಗರದ ವಿರುದ್ಧ ಸುಲ್ತಾನರು ಒಂದಾಗಲು ಆದ ಈ ಬೀಗತನದಲ್ಲಿ ಸೋಲಾಪುರದ ಕೋಟೆಯೇ ಬಳುವಳಿಯಾಗಿ ಬಂತು. ಅರಬ್ಬಿ, ಫಾರಸಿ, ತುರ್ಕಿಗಳೊಡನೆ ಮರಾಠಿಯನ್ನೂ ಕನ್ನಡವನ್ನೂ ಅವಳು ಬಲ್ಲವಳಾಗಿದ್ದಳೆಂದು ಇತಿಹಾಸಕಾರರು ಬರೆಯುತ್ತಾರೆ. ಗಂಡ ತೀರಿದ ಮೇಲೆ ಬಾಲಕ ಇಬ್ರಾಹಿಮನ ಪರವಾಗಿ ರಾಜ್ಯ ನೋಡಿಕೊಂಡಳು. ಮುಂದೆ ತವರಿಗೆ ಮೊಗಲರ ಮುತ್ತಿಗೆ ಬಂದಾಗ ಅಹಮದನಗರದ ಕೋಟೆಯ ಮೇಲೆ ನಿಂತು ಕಾದಿದಳು. ಎರಡು ಭಾಷೆ ಕಲಿತರೆ ಮಗುವಿನ ತಲೆಗೆ ಭಾರವೆಂದು ಗೊಣಗುವ ನಮ್ಮ ಕೆಲವು ಪಾಲಕರು ಇವಳನ್ನು ನೆನೆಯಬೇಕು. ನಮ್ಮ ಶಾಲೆಯ ಮಗು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುತ್ತ ಬೆಳೆಯುತ್ತದೆ. ಅದು ಭಾರವಲ್ಲ, ಬಳುವಳಿ.

ಕಲಬುರಗಿಯನ್ನು ಅವರು ಒಂದೇ ದಿನದಲ್ಲಿ ನೋಡಿದರು. ಬಿಸಿಲಿಗೆ ಹೆಸರಾದ ಊರು. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯಕ್ಕೆ ರಾಜಧಾನಿಯಾಗಿದ್ದ ಊರು ಇದು; ಕೋಟೆಯೊಳಗಿನ 1367ರ ಜಾಮಿಯಾ ಮಸೀದಿ ತೆರೆದ ಅಂಗಳವೇ ಇಲ್ಲದೆ ಇಡಿಯಾಗಿ ಮೇಲ್ಛಾವಣಿ ಹೊದ್ದ ಅಪರೂಪದ ಕಟ್ಟಡ. ಅದರೊಳಗೆ ಹೊಕ್ಕಾಗ ಬಿಸಿಲು ಏಕೆ ಹೊರಗೆ ಉಳಿಯಿತೆಂಬುದು ತಿಳಿಯಿತೆಂದು ವಧು ಹೇಳಿದಳು. ಹಫ್ತ್ ಗುಂಬಜಿನಲ್ಲಿ ಫಿರೋಜಶಾಹನ ಗೋರಿಯಿದೆ. ವಿಜಯನಗರದ ದೇವರಾಯನ ಮಗಳನ್ನು ಅವನು ವರಿಸಿದ ಕಥೆಯನ್ನು ಫೆರಿಶ್ತಾ ಬರೆದಿದ್ದಾನೆ. ಅಲ್ಲಿಯೂ ಬಳುವಳಿ ಒಂದು ಕೋಟೆಯೇ, ಬಂಕಾಪುರ. ಮದುವೆಯೇನೋ ವೈಭವದಿಂದ ಆಯಿತು. ಆದರೆ ಬೀಳ್ಕೊಡುವಾಗ ಮಾವನು ಸಾಕಷ್ಟು ದೂರ ಜೊತೆಗೆ ಬರದೆ ಅರ್ಧದಲ್ಲಿಯೇ ಹಿಂತಿರುಗಿದನೆಂದು ಅಳಿಯನು ಮುನಿದನಂತೆ. ಬೀಗರ ಮುನಿಸಿಗೆ ಆರುನೂರು ವರ್ಷಗಳಲ್ಲಿ ಹೊಸ ಕಾರಣವೇನೂ ಹುಟ್ಟಿಲ್ಲ.

ಬೀದರದಲ್ಲಿ ಅವರಿಗೆ ಎರಡು ದಿನ ಸಾಲಲಿಲ್ಲ. 1472ರಲ್ಲಿ ಮಹಮೂದ ಗವಾನ ಕಟ್ಟಿಸಿದ ವಿದ್ಯಾಲಯದ ಅರ್ಧ ಭಾಗ ಬಿದ್ದಿದ್ದರೂ, ಗೋಡೆಯ ನೀಲಿ ಹಸಿರು ಹಂಚುಗಳು ಅಲ್ಲಲ್ಲಿ ಇನ್ನೂ ಹೊಳೆಯುತ್ತಿವೆ. ಅದನ್ನು ಕಟ್ಟಿದ ಮಂತ್ರಿಯನ್ನು ಒಂಬತ್ತೇ ವರ್ಷದ ಮೇಲೆ ಚಾಡಿಮಾತಿಗೆ ಕಿವಿಗೊಟ್ಟ ಸುಲ್ತಾನನು ಕೊಲ್ಲಿಸಿದನು. ಊರಿನ ಹೊರಗೆ ನೌಬಾದಿನಲ್ಲಿ ‘ಕರೇಜ್’ ಎಂಬ ನೆಲದೊಳಗಿನ ಕಾಲುವೆಯಿದೆ. ಪರ್ಷಿಯದ ಮರುಭೂಮಿಯ ಊರುಗಳಲ್ಲಿ ಹುಟ್ಟಿದ ವಿದ್ಯೆ ಅದು. ಸಾಲಾಗಿ ಬಾವಿಗಳನ್ನು ತೋಡಿ, ಅವುಗಳ ತಳವನ್ನು ಒಳಗಿಂದೊಳಗೆ ಕೂಡಿಸಿ, ಅಂತರ್ಜಲವನ್ನು ಇಳಿಜಾರಿನ ಬಲದಿಂದಲೇ ಹರಿಸುವುದು. ಎತ್ತುವ ಯಂತ್ರ ಬೇಡ. ಮೇಲೆ ಬಿಸಿಲಿದ್ದರೂ ನೀರು ಆರದು.

ಬಸವಕಲ್ಯಾಣದಲ್ಲಿ ಅನುಭವ ಮಂಟಪವನ್ನು ಕಂಡು, ದಾನಮ್ಮನ ದಾರಿಯನ್ನು ನೆನೆದರು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರ’ವನ್ನು ಬರೆದದ್ದು ಈ ಊರಿನಲ್ಲಿ. ಸ್ತ್ರೀಧನವೆಂದರೆ ತವರಿನ ಒಡವೆ ಮಾತ್ರವಲ್ಲ ಎಂದು ಅದರ ಅರ್ಥವನ್ನು ಅಗಲಗೊಳಿಸಿದ ಗ್ರಂಥವದು. ಸೋಲಾಪುರದಲ್ಲಿ ಸಂಜೆಯಾಗಿತ್ತು. ಚಾಂದಬೀಬಿಯ ಬಳುವಳಿಯ ಕೋಟೆಯ ಮಗ್ಗುಲಲ್ಲೇ ಸಿದ್ಧರಾಮನು ಕಟ್ಟಿಸಿದನೆಂಬ ಕೆರೆ.

ನೀರಿಗಾಗಿ ನಮ್ಮ ತಾಲ್ಲೂಕಿನ ಹಳ್ಳಿಗಳು 2012ರಲ್ಲಿ ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದು, 2022ರಲ್ಲಿ ಅದೇ ಠರಾವು ಎರಡು ರಾಜ್ಯಗಳ ನಡುವೆ ಬಿರುಸಿನ ಮಾತಿಗೆ ಕಾರಣವಾದದ್ದು ವಾಚಕರಿಗೆ ಗೊತ್ತೇ ಇದೆ. ಮ್ಹೈಸಾಳ ಯೋಜನೆಯ ನೀರು ಕೆಲವರಿಗೆ ಬಂತು, ಕೆಲವರು ಕಾಯುತ್ತಿದ್ದಾರೆ. ತುಬಚಿ–ಬಬಲೇಶ್ವರ ಯೋಜನೆಯ ನೀರು ಗಡಿ ದಾಟಿ ತಿಕ್ಕುಂಡಿಯ ಕಡೆಗೆ ಹರಿದಾಗ ಜನ ಕುಣಿದಾಡಿದರು. ಸರಕಾರಗಳನ್ನು ಕೇಳುವುದನ್ನು ನಾವು ಬಿಡಬಾರದು, ಜೋರಾಗಿಯೇ ಕೇಳಬೇಕು. ಆದರೆ ಕಾಯುವ ಕಾಲದಲ್ಲಿ ಮಾಡಬಹುದಾದದ್ದೂ ಇದೆ. ನೋಡಲಾಗದೆ ಉಳಿದ ಜೈಸಲ್ಮೇರಿನ ಬಗ್ಗೆ ಆ ವಧು ಪುಸ್ತಕದಲ್ಲಿ ಓದಿದಳು. ಅಲ್ಲಿ ಊರಿಗೊಂದು ಗಡೀಸರ ಕೆರೆಯಿದ್ದಂತೆ, ಆ ಸೀಮೆಯ ಮನೆಗಳಲ್ಲಿ ‘ಟಾಂಕಾ’ ಎಂಬ ನೆಲದೊಳಗಿನ ಹಗೇವು. ಮಾಳಿಗೆಯ ಮೇಲೆ ಬಿದ್ದ ಮಳೆಯೆಲ್ಲ ಅದರಲ್ಲಿ ಕೂಡುತ್ತದೆ.

ಓದಿ ಸುಮ್ಮನಾಗದೆ ಅವಳು ಗಂಡನ ಮನೆಯ ಮಾಳಿಗೆಯನ್ನು ಅಳೆದಳು. ಉದ್ದ 10 ಮೀಟರ್, ಅಗಲ 6 ಮೀಟರ್. ಏಳನೆಯ ತರಗತಿಯ ಮಕ್ಕಳೂ ಮಾಡಬಲ್ಲ ಲೆಕ್ಕ: 60 ಚದರ ಮೀಟರಿನ ಮೇಲೆ ಅರ್ಧ ಮೀಟರ್ ಮಳೆ ಬಿದ್ದರೆ 30 ಘನ ಮೀಟರ್, ಅಂದರೆ 30,000 ಲೀಟರ್. ಐದರಲ್ಲೊಂದು ಪಾಲು ಸೋರಿ ಆರಿ ಹೋಯಿತೆಂದರೂ 24,000 ಲೀಟರ್ ಉಳಿಯುತ್ತದೆ. ಆರು ಜನರಿರುವ ಮನೆಯಲ್ಲಿ ಕುಡಿಯಲಿಕ್ಕೂ ಅಡುಗೆಗೂ ದಿನಕ್ಕೆ 60 ಲೀಟರ್ ಹಿಡಿದರೆ ಅದು 400 ದಿನದ ನೀರು. ಬರದ ವರ್ಷ ಮಳೆ ಅರ್ಧವೇ ಆದರೂ ಬೇಸಿಗೆಯನ್ನು ದಾಟಿಸುವಷ್ಟಿದೆ. ಗಂಡ ಜತ್ತಕ್ಕೆ ಹೋಗಿ ಸಿಮೆಂಟು, ಇಟ್ಟಿಗೆಯ ದರ ಕೇಳಿ ಬಂದಿದ್ದಾನೆ. ಅದೇ ಹಣದಲ್ಲಿ ಇನ್ನೊಂದು ಕೊಳವೆಬಾವಿ ಕೊರೆಸೋಣವೆಂದು ಮಾವನವರ ಹಟ. ಈಗಾಗಲೇ ಕೊರೆಸಿದ ಮೂರು ಒಣಗಿವೆ. ಮಾತುಕತೆ ನಡೆದಿದೆ; ಮಿರುಗ ಮಳೆಗೆ ಇನ್ನು ಕೆಲವು ವಾರಗಳಿವೆ.