ಓಡದ ಡಿವಿಡಿಗೆ ‘ಮಾಹಿತಿ ಒದಗಿಸಲಾಗಿದೆ’ ಎಂಬ ಹಿಂಬರಹ



ಮಾಹಿತಿ ಹಕ್ಕಿನಡಿ ವಿಡಿಯೊ ಕೇಳಿದವರಿಗೆ ಕೆಲವು ಕಚೇರಿಗಳು ಒಂದು ಡಿವಿಡಿ ಕೈಗಿತ್ತು, ಸ್ವೀಕೃತಿಗೆ ಸಹಿ ಹಾಕಿಸಿಕೊಂಡು ಸುಮ್ಮನಾಗುತ್ತಿವೆ. ಮನೆಗೆ ತಂದು ಹಾಕಿದರೆ ಟಿವಿಯಲ್ಲಿ ‘ನೋ ಡಿಸ್ಕ್’. ವಾಪಸು ಹೋದರೆ ‘ನಮ್ಮಲ್ಲಿ ಚೆನ್ನಾಗಿ ಓಡ್ತದೆ, ನಿಮ್ಮ ಪ್ಲೇಯರ್ ರಿಪೇರಿ ಮಾಡಿಸ್ಕೊಳ್ಳಿ’ ಎಂಬ ಉಪದೇಶ. ನನಗೆ ಪರಿಚಯದ ಒಬ್ಬರಿಗೆ ಇದೇ ಮಾತು ಹಿಂಬರಹವಾಗಿಯೂ ಬಂದಿದೆ: ಮಾಹಿತಿ ಒದಗಿಸಲಾಗಿದೆ, ಉಪಕರಣದ ದೋಷಕ್ಕೆ ಕಚೇರಿ ಹೊಣೆಯಲ್ಲ. ಮದುವೆ, ನಾಮಕರಣಗಳ ವಿಡಿಯೊ ತೆಗೆದು ಡಿಸ್ಕಿಗೆ ಹಾಕಿಕೊಡುವ ಕೆಲಸದಲ್ಲೇ ಕೂದಲು ನರೆಸಿಕೊಂಡವನು ನಾನು. ಈ ಹಿಂಬರಹವನ್ನು ಒಪ್ಪಲಾರೆ. ಅಂಗಡಿಗೆ ಬರುವ ಇಂಥ ಡಿಸ್ಕುಗಳಲ್ಲಿ ತಪ್ಪು ಹೆಚ್ಚಾಗಿ ಬರೆದವರ ಕಡೆಯೇ ಇರುತ್ತದೆ.

ಹಳೆಯ ಡಿವಿಡಿ ಪ್ಲೇಯರ್ ಹುಡುಕುವುದು ‘ವಿಡಿಯೊ ಟಿಎಸ್’ ಎಂಬ ಫೋಲ್ಡರನ್ನು, ಅದರೊಳಗೆ ಎಂಪೆಗ್-2ರಲ್ಲಿರುವ ಚಿತ್ರವನ್ನು. ಕಚೇರಿಯಲ್ಲಿ ಆಗುವುದೇನು? ಖಾಲಿ ಡಿಸ್ಕ್ ಹಾಕಿದೊಡನೆ ವಿಂಡೋಸ್ ಒಂದು ಪ್ರಶ್ನೆ ಕೇಳುತ್ತದೆ: ಇದನ್ನು ಪೆನ್‌ಡ್ರೈವ್‌ನಂತೆ ಬಳಸುತ್ತೀರೋ, ಸಿ.ಡಿ., ಡಿವಿಡಿ ಪ್ಲೇಯರಿನಲ್ಲಿ ಬಳಸುತ್ತೀರೋ ಎಂದು. ಓದದೆ ಮೊದಲನೆಯದನ್ನು ಒತ್ತಿದರೆ ಅಲ್ಲಿಗೆ ಮುಗಿಯಿತು. ಎರಡನೆಯದನ್ನು ಒತ್ತಿದರೂ ಎಂಪಿ4 ಫೈಲು ಎಂಪಿ4 ಆಗಿಯೇ ಉಳಿಯುತ್ತದೆ. ಹಳೆಯ ಪ್ಲೇಯರಿಗೆ ಅದು ಅರ್ಥವಾಗದು. ಕಚೇರಿಯ ಕಂಪ್ಯೂಟರಿನಲ್ಲಿ ಓಡುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಅರ್ಜಿದಾರನ ಪ್ಲೇಯರ್ ಕೆಟ್ಟಿದೆ ಎನ್ನುವುದಕ್ಕೆ ಅದು ಪುರಾವೆಯೂ ಅಲ್ಲ. ಸಿಸಿಟಿವಿ ದೃಶ್ಯವಾದರೆ ಪಾಡು ಇನ್ನೂ ಕೆಟ್ಟದ್ದು. ದೃಶ್ಯ ದಾಖಲಿಸುವ ಹಲವು ಡಿವಿಆರ್ ಪೆಟ್ಟಿಗೆಗಳು ತಮ್ಮದೇ ಫಾರ್ಮ್ಯಾಟಿನಲ್ಲಿ ಫೈಲು ಕೊಡುತ್ತವೆ, ತೆರೆಯಲು ಆ ಕಂಪನಿಯದೇ ಸಾಫ್ಟ್‌ವೇರ್ ಬೇಕು. ಅದನ್ನೂ ಡಿಸ್ಕಿಗೆ ಹಾಕಿ ಕೊಡುವ ಪುಣ್ಯಾತ್ಮರು ಅಪರೂಪ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ದೊಡ್ಡ ತಪ್ಪು ಫೈನಲೈಸ್ ಮಾಡದೆ ಕೊಡುವುದು. ರೈಟರ್ ಡಿಸ್ಕಿನ ಮೇಲೆ ಒಳಸುತ್ತಿನಿಂದ ಹೊರಕ್ಕೆ ಬರೆಯುತ್ತ ಹೋಗುತ್ತದೆ. ಯಾವುದು ಎಲ್ಲಿದೆ, ಎಲ್ಲಿಗೆ ಮುಗಿಯಿತು ಎಂಬ ವಿವರವನ್ನು ರೈಟರ್ ಕಡೆಗೊಮ್ಮೆ ಬರೆದು ಮುಚ್ಚಬೇಕು. ಆ ಕೆಲವು ನಿಮಿಷ ಕಾಯದೆ ಹೊರಗೆ ತೆಗೆದ ಡಿಸ್ಕು ಸಹಿ ಬೀಳದ ಕ್ರಯಪತ್ರವಿದ್ದಂತೆ. ಒಳಗೆ ಎಲ್ಲ ಇದ್ದರೂ ಚಲಾವಣೆಯಾಗದು. ಕ್ಯಾಮೆರಾ ಅಥವಾ ರೆಕಾರ್ಡರಿನಲ್ಲೇ ಬರೆದದ್ದಾದರೆ ಸಾಮಾನ್ಯವಾಗಿ ಅದೇ ಯಂತ್ರದಲ್ಲಿ ಮುಚ್ಚಿಸಬೇಕಾಗುತ್ತದೆ. ಆ ಯಂತ್ರ ಇರುವುದು ಕಚೇರಿಯಲ್ಲಿ, ಅರ್ಜಿದಾರನ ಮನೆಯಲ್ಲಲ್ಲ.

ಅರ್ಧ ಗಂಟೆ ಸರಿಯಾಗಿ ಓಡಿ ಆಮೇಲೆ ಚಿತ್ರ ಚೌಕ ಚೌಕವಾಗಿ ಒಡೆಯುವ ಡಿಸ್ಕುಗಳೂ ಬರುತ್ತವೆ. ಅಗ್ಗದ ಡಿಸ್ಕಿಗೆ 16 ಎಕ್ಸ್ ವೇಗದಲ್ಲಿ ಬರೆದರೆ ಹೊರಸುತ್ತು ಕೆಡುವ ಸಂಭವ ಹೆಚ್ಚು. 8 ಎಕ್ಸ್‌ನಲ್ಲಿ ಬರೆದರೆ ಹೋಗುವ ಗಂಟೇನೂ ಇಲ್ಲ. ಮೇಲೆ ಕಾಗದದ ಲೇಬಲ್ ಅಂಟಿಸಿದರೆ ತಿರುಗುವಾಗ ತೂಕ ತಪ್ಪುತ್ತದೆ. ಸಿ.ಡಿ.ಯಲ್ಲಂತೂ ದತ್ತಾಂಶ ಇರುವುದು ಲೇಬಲ್ ಕಡೆಯ ತೆಳು ಲೇಪನದ ಕೆಳಗೇ. ಅಲ್ಲಿ ಬಾಲ್‌ಪೆನ್ನಿನಿಂದ ಕಡತದ ಸಂಖ್ಯೆ ಒತ್ತಿ ಬರೆಯುವವರಿಗೆ ಏನು ಹೇಳುವುದು? ಪುಣ್ಯಕ್ಕೆ ಡಿವಿಡಿಯಲ್ಲಿ ಅದು ಎರಡು ಪದರಗಳ ನಡುವೆ ಇದೆ.

2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಜೆ) ಡಿಸ್ಕೆಟ್, ಫ್ಲಾಪಿ, ವಿಡಿಯೊ ಕ್ಯಾಸೆಟ್ ಅಥವಾ ಬೇರೆ ಯಾವುದೇ ಎಲೆಕ್ಟ್ರಾನಿಕ್ ರೂಪದಲ್ಲಿ ಮಾಹಿತಿ ಪಡೆಯುವ ಹಕ್ಕು ಕೊಟ್ಟಿದೆ. ಕೇಂದ್ರದ 2012ರ ನಿಯಮ ಈಗಲೂ ಡಿಸ್ಕೆಟ್ಟಿಗೆ, ಫ್ಲಾಪಿಗೆ 50 ರೂಪಾಯಿ ಎನ್ನುತ್ತದೆ. ಫ್ಲಾಪಿ ಕಂಡು ಎಷ್ಟು ಕಾಲವಾಯಿತೋ, ಅದಿರಲಿ. ದುಡ್ಡು ಪಡೆದು ಕೊಡುವ ವಸ್ತು ತೆರೆಯುವಂತಿರಬೇಕು ಎಂದು ನಿಯಮದಲ್ಲಿ ಬರೆದಿರಲೇಬೇಕೆ?

ಕೋರ್ಟಿಗೆ ಹೋದರೆ ವಿಷಯ ಇನ್ನೂ ಬಿಗಿ. 2014ರ ಅನ್ವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾನೂನು ಕೇಳುವ ಪ್ರಮಾಣಪತ್ರವಿಲ್ಲದ ಸಿ.ಡಿ.ಗಳನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಹೇಳುವುದು ನಕಲು ಮೂಲದಂತೆಯೇ ಇದೆ ಎಂದಷ್ಟೇ. ಆ ನಕಲು ತೆರೆದೀತೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

‘ಈ ಕಾಲದಲ್ಲಿ ಡಿಸ್ಕ್ ಯಾಕೆ, ಪೆನ್‌ಡ್ರೈವ್ ಕೊಡಲಿ’ ಎನ್ನುವವರಿದ್ದಾರೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಬಾಯಿಯೇ ಇಲ್ಲದಿರುವುದರಿಂದ ಆ ಮಾತಿನಲ್ಲಿ ಹುರುಳಿದೆ. ಆದರೂ ಒಮ್ಮೆ ಬರೆದು ಮುಚ್ಚಿದ ಡಿವಿಡಿ-ಆರ್ ಅನ್ನು ಆಮೇಲೆ ಯಾರೂ ತಿದ್ದಲಾಗದು. ಕೊಟ್ಟವರಿಗೂ ಪಡೆದವರಿಗೂ ಅದೊಂದು ರಕ್ಷಣೆ, ಪೆನ್‌ಡ್ರೈವಿನಲ್ಲಿ ಅದಿಲ್ಲ. ನನ್ನ ತಕರಾರು ಡಿಸ್ಕಿನ ಮೇಲಲ್ಲ, ಪರೀಕ್ಷಿಸದೆ ಕೊಡುವುದರ ಮೇಲೆ.

ಇದು ಸಣ್ಣ ತಾಂತ್ರಿಕ ಕಿರಿಕಿರಿಯೂ ಅಲ್ಲ. ಉತ್ತರ ಕೈಸೇರಿದ ದಿನದಿಂದ ಮೊದಲ ಮೇಲ್ಮನವಿಗೆ ಇರುವುದು 30 ದಿನ. ಅರ್ಜಿದಾರ ಡಿಸ್ಕ್ ಹಿಡಿದು ಅಂಗಡಿ ಅಂಗಡಿ ಸುತ್ತುವಷ್ಟರಲ್ಲಿ ಆ ಅವಧಿ ಕರಗುತ್ತದೆ. ಮೂಲ ದೃಶ್ಯವೂ ಸದಾ ಉಳಿಯದು. ಪೊಲೀಸ್ ಠಾಣೆಗಳ ಸಿಸಿಟಿವಿ ದೃಶ್ಯವನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಇಡಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೇರೆ ಕಡೆಯ ಡಿವಿಆರ್‌ಗಳೋ, ಹಾರ್ಡ್ ಡಿಸ್ಕ್ ತುಂಬಿದೊಡನೆ ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಹೋಗುತ್ತವೆ. ಎರಡನೇ ಸಲ ಕೇಳಲು ಹೋದಾಗ ‘ಲಭ್ಯವಿಲ್ಲ’ ಎಂಬ ಉತ್ತರ ನಿಜವೇ ಆಗಿರಬಹುದು.

ಆದ್ದರಿಂದ ಸ್ವೀಕೃತಿಗೆ ಸಹಿ ಪಡೆಯುವ ಮುನ್ನ, ಬರೆದ ಕಂಪ್ಯೂಟರಿನಲ್ಲಲ್ಲ, ಬೇರೊಂದರಲ್ಲಿ ಅರ್ಜಿದಾರನ ಎದುರೇ ಡಿಸ್ಕನ್ನು ಮೊದಲಲ್ಲೂ ಕೊನೆಯಲ್ಲೂ ಓಡಿಸಿ ತೋರಿಸಬೇಕೆಂದು ಸರ್ಕಾರ ಸುತ್ತೋಲೆ ಹೊರಡಿಸಲಿ. ಯಾವ ಫಾರ್ಮ್ಯಾಟ್, ಫೈನಲೈಸ್ ಆಗಿದೆಯೇ ಎಂಬುದನ್ನು ಕವರಿನ ಮೇಲೆ ನಮೂದಿಸಲಿ. ಓಡಲಿಲ್ಲ ಎಂಬ ದೂರು ಇತ್ಯರ್ಥವಾಗುವವರೆಗೆ ಮೂಲ ದೃಶ್ಯವನ್ನು ಅಳಿಸದಂತೆ ತೆಗೆದಿಡಲಿ.

ಇತಿ,
ಒಬ್ಬ ವಿಡಿಯೊಗ್ರಾಫರ್, ತುಮಕೂರು