ಊರ ಕಾಲೇಜಿನಲ್ಲಿ ರಾಜ್ಯಶಾಸ್ತ್ರ

ಅಮೆರಿಕದಲ್ಲಿ ನೆಲೆಸಿರುವ ಮೊಮ್ಮಗಳು 'ಕಮ್ಯೂನಿಟಿ ಕಾಲೇಜು' ಸೇರಿದಳೆಂದು ಕೇಳಿದೊಡನೆ ಇಲ್ಲಿಯ ಹಿರಿಯರು ಕಳವಳಗೊಳ್ಳುವುದುಂಟು. ವಿಶ್ವವಿದ್ಯಾಲಯದಲ್ಲಿ ಸ್ಥಾನ ದೊರೆಯಲಿಲ್ಲವೇ, ಅದು ಯಾವ ಜನಾಂಗದವರ ಸಂಸ್ಥೆ ಎಂದು ನಮ್ಮನ್ನು ಕೇಳಿದವರೂ ಇದ್ದಾರೆ. ಸಮುದಾಯವೆಂದರೆ ಜಾತಿಯೆಂದೇ ತಿಳಿಯುವ ರೂಢಿ ನಮ್ಮಲ್ಲಿ ಬೇರೂರಿದೆ. ಅಲ್ಲಿ ಆ ಪದಕ್ಕೆ ಆ ಸೀಮೆಯಲ್ಲಿ ವಾಸಿಸುವ ಸಮಸ್ತರೂ ಎಂದರ್ಥ.

ಇಂದಿಗೂ ನಡೆದಿರುವ ಈ ಬಗೆಯ ಸಾರ್ವಜನಿಕ ಕಾಲೇಜುಗಳಲ್ಲಿ ಅತ್ಯಂತ ಹಳೆಯದು ಇಲಿನಾಯ್ ರಾಜ್ಯದ ಜೋಲಿಯೆಟ್ ಪಟ್ಟಣದ್ದು. ಅದು 1901ರಲ್ಲಿ ಆರು ಮಂದಿ ವಿದ್ಯಾರ್ಥಿಗಳೊಡನೆ ಆರಂಭವಾಯಿತು. ಮನೆಯಲ್ಲಿದ್ದುಕೊಂಡೇ ಕಡಿಮೆ ವೆಚ್ಚದಲ್ಲಿ ಎರಡು ವರ್ಷ ಓದಿ, ಉಳಿದೆರಡು ವರ್ಷಗಳಿಗೆ ವಿಶ್ವವಿದ್ಯಾಲಯಕ್ಕೆ ತೆರಳುವುದು ಇಲ್ಲಿ ಅನೇಕರು ಹಿಡಿಯುವ ದಾರಿ.

ಕನ್ನಡಿಗರ ಮನೆಗಳು ಹಲವಿರುವ ಟೆಕ್ಸಾಸ್ ರಾಜ್ಯವನ್ನೇ ನೋಡೋಣ. ಸರ್ಕಾರಿ ಕಾಲೇಜಿನಲ್ಲಿ ಗಣಿತ ಓದಲಿ, ಇಂಜಿನಿಯರಿಂಗ್ ಓದಲಿ, ಆರು ಕ್ರೆಡಿಟ್‌ಗಳಷ್ಟು ರಾಜ್ಯಶಾಸ್ತ್ರವನ್ನು ಓದದೆ ಪದವಿಯಿಲ್ಲವೆಂಬುದು ಅಲ್ಲಿಯ ಶಾಸನ. ಒಕ್ಕೂಟ ಸರ್ಕಾರದ್ದೊಂದು ಪಾಠ, ಟೆಕ್ಸಾಸ್ ಸರ್ಕಾರದ್ದೊಂದು ಪಾಠ. ಒಕ್ಕೂಟದ ಸಂವಿಧಾನ 1789ರಿಂದ ಜಾರಿಯಲ್ಲಿದ್ದು 27 ತಿದ್ದುಪಡಿಗಳನ್ನು ಮಾತ್ರ ಕಂಡಿದೆ. ಟೆಕ್ಸಾಸಿನ 1876ರ ಸಂವಿಧಾನಕ್ಕೆ 500ಕ್ಕೂ ಮಿಕ್ಕಿ ತಿದ್ದುಪಡಿಗಳಾಗಿವೆ. ಹೀಗೇಕಾಯಿತೆಂದು ವಿಚಾರಿಸುವುದರಲ್ಲಿಯೇ ಅರ್ಧ ರಾಜ್ಯಶಾಸ್ತ್ರ ಅಡಗಿದೆ. ನಮ್ಮಲ್ಲಿಯೂ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸಂವಿಧಾನದ ಪತ್ರಿಕೆಯುಂಟು. ಹಿಂದಿನ ರಾತ್ರಿ ಓದಿ ಮರುದಿನ ಮರೆಯುವುದೂ ಉಂಟು.

ನಮ್ಮ ಮನಸ್ಸನ್ನು ಸೆಳೆದ ಸಂಗತಿ ಬೇರೆ. ಟೆಕ್ಸಾಸಿನ ಇಂತಹ ಕಾಲೇಜುಗಳನ್ನು ನಡೆಸುವ ಆಡಳಿತ ಮಂಡಳಿಯ ಸದಸ್ಯರನ್ನು ಆ ಸೀಮೆಯ ಮತದಾರರೇ ಚುನಾಯಿಸುತ್ತಾರೆ. ಅವರ ಅವಧಿ ಆರು ವರ್ಷ. ಖರ್ಚಿನ ಒಂದು ಭಾಗ ಅಲ್ಲಿಯ ಮನೆ, ಜಮೀನುಗಳ ತೆರಿಗೆಯಿಂದ ಬರುತ್ತದೆ. ಪುಸ್ತಕದಲ್ಲಿ ಓದಿದ ಪ್ರಾತಿನಿಧ್ಯ, ತೆರಿಗೆ, ಉತ್ತರದಾಯಿತ್ವಗಳನ್ನು ಕಾಣಲು ವಿದ್ಯಾರ್ಥಿನಿ ದೂರ ಹೋಗಬೇಕಿಲ್ಲ. ಮಂಡಳಿಯ ಬಹಿರಂಗ ಸಭೆಯಲ್ಲಿ ಹೋಗಿ ಕುಳಿತರೆ ಸಾಕು.

ಇನ್ನೂ ಒಂದು ಮಾತು. ಉದ್ಯೋಗದ ವೀಸಾದ ಮೇಲೆ ಹೋದ ತಂದೆತಾಯಿಗಳಿಗೆ ಅಲ್ಲಿ ಈ ಮತಾಧಿಕಾರವಿಲ್ಲ. ಗ್ರೀನ್ ಕಾರ್ಡ್ ಬಂದರೂ ಇಲ್ಲ, ಪೌರತ್ವವೇ ಬೇಕು. ಅಲ್ಲಿಯೇ ಜನಿಸಿ ಪೌರತ್ವ ಪಡೆದು 18 ತುಂಬಿದ ಮಗಳಿಗೆ ಅದುಂಟು. ಮನೆಯ ತೆರಿಗೆ ತಂದೆಯದು, ಮತ ಮಗಳದು! ಆ ಮನೆಯಲ್ಲಿ ರಾಜ್ಯಶಾಸ್ತ್ರ ಬಲ್ಲವಳು ಅವಳೊಬ್ಬಳೇ ಆಗಿರಲೂಬಹುದು. ದೂರವಾಣಿಯಲ್ಲಿ ಅಂಕಗಳನ್ನು ವಿಚಾರಿಸುವ ಅಜ್ಜ ಅಜ್ಜಿಯರು, ಮತದಾರಳಾಗಿ ಹೆಸರು ನೋಂದಾಯಿಸಿದೆಯಾ ಮಗಳೇ ಎಂದೂ ಕೇಳಬಹುದು. ಟೆಕ್ಸಾಸಿನಲ್ಲಿ ಆ ಕೆಲಸ ಚುನಾವಣೆಗೆ 30 ದಿನ ಮುಂಚೆಯೇ ಆಗಬೇಕು.