ಬೆಟ್ಟದ ನಕ್ಷೆ ಯಾರಿಗೆ ಬೇಡ?

ಅಮೆರಿಕದ ಪೂರ್ವ ಕರಾವಳಿಯ ಉತ್ತರ ಕೆರೊಲಿನಾ ರಾಜ್ಯವನ್ನು ಭೂಗೋಳದ ಪುಸ್ತಕಗಳು ಮೂರು ಸೀಮೆಗಳಾಗಿ ವಿಂಗಡಿಸುತ್ತವೆ: ಅಟ್ಲಾಂಟಿಕ್ ದಂಡೆಯ ಕರಾವಳಿ ಬಯಲು, ನಡುವೆ ಪೀಡ್‌ಮಾಂಟ್ ಎಂಬ ದಿಣ್ಣೆನಾಡು, ಪಶ್ಚಿಮಕ್ಕೆ ಅಪಲೇಶಿಯನ್ ಬೆಟ್ಟಸೀಮೆ. ಸಮುದ್ರಮಟ್ಟದಿಂದ ಆರಂಭವಾಗುವ ನೆಲ ಮೌಂಟ್ ಮಿಚೆಲ್ ಶಿಖರದಲ್ಲಿ 6,684 ಅಡಿ ಮುಟ್ಟುತ್ತದೆ. ಮಿಸಿಸಿಪಿ ನದಿಯ ಪೂರ್ವಕ್ಕೆ ಅಮೆರಿಕದಲ್ಲಿ ಇದಕ್ಕಿಂತ ಎತ್ತರದ ಶಿಖರವಿಲ್ಲ.

ಗೆರೆ ಎಳೆದು ಬೇರ್ಪಡಿಸಿದ ಈ ಸೀಮೆಗಳನ್ನು ನೀರು ಮತ್ತೆ ಬೆಸೆಯುತ್ತದೆ. ಬ್ಲೂ ರಿಡ್ಜ್ ಏಣಿನ ಪೂರ್ವಕ್ಕೆ ಬಿದ್ದ ಮಳೆ ಕಟಾಬಾ, ಯಾಡ್ಕಿನ್ ನದಿಗಳಾಗಿ ಪೀಡ್‌ಮಾಂಟಿನ ನಗರಗಳ ದಾಹ ತಣಿಸಿ ಅಟ್ಲಾಂಟಿಕ್ ಸಾಗರದತ್ತ ಹರಿಯುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಫ್ರೆಂಚ್ ಬ್ರಾಡ್ ನದಿಯಲ್ಲಿ ಟೆನ್ನೆಸಿಗೆ ಇಳಿದು, ಮಿಸಿಸಿಪಿಯ ಮೂಲಕ ಮೆಕ್ಸಿಕೋ ಕೊಲ್ಲಿಯನ್ನು ಕೂಡುತ್ತದೆ. ಬೆಟ್ಟದ ಕ್ಷೇಮ ಬೆಟ್ಟದವರದ್ದಷ್ಟೇ ಅಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಚಂಡಮಾರುತವೆಂದರೆ ಕರಾವಳಿಯ ಪಾಡು ಎಂಬ ನಂಬಿಕೆ ಅಲ್ಲಿ ಬಹುಕಾಲ ಇತ್ತು. 2004ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿಸ್ ಮತ್ತು ಐವನ್ ಚಂಡಮಾರುತಗಳ ಮಳೆಗೆ ಬೆಟ್ಟಗಳು ಜರಿದವು. ಪೀಕ್ಸ್ ಕ್ರೀಕ್ ಎಂಬಲ್ಲಿ ಐವರು ಮಣ್ಣುಪಾಲಾದರು. ಮರುವರ್ಷ ಶಾಸನಸಭೆಯು 19 ಬೆಟ್ಟದ ಕೌಂಟಿಗಳಲ್ಲಿ ಭೂಕುಸಿತದ ಅಪಾಯ ತೋರಿಸುವ ನಕ್ಷೆ ಸಿದ್ಧಪಡಿಸಲು ಹಣ ಒದಗಿಸಿತು. ಭೂಮಿಯ ಬೆಲೆ ಇಳಿದೀತೆಂಬ ಅಳುಕು ಕೆಲವರಿಗೆ. ನಾಲ್ಕು ಕೌಂಟಿಗಳ ನಕ್ಷೆ ಮುಗಿಯುವಷ್ಟರಲ್ಲಿ, 2011ರಲ್ಲಿ, ಹಣ ನಿಂತಿತು. ಕೆಲಸ ಮತ್ತೆ ಆರಂಭವಾದದ್ದು 2018ರಲ್ಲಿ.

ಆ ರಾಜ್ಯಕ್ಕೆ ಬೆಟ್ಟದ ಮೇಲೆ ಅಕ್ಕರೆಯೇ ಇರಲಿಲ್ಲವೆನ್ನಲಾಗದು. ಎತ್ತರದ ಏಣುಗಳ ಮೇಲೆ ಬಹುಮಹಡಿ ಕಟ್ಟಡಗಳನ್ನು ತಡೆಯುವ ಕಾನೂನು 1983ರಲ್ಲೇ ಬಂದಿತ್ತು. ಅದು ಬೆಟ್ಟದ ನೋಟವನ್ನು ಕಾಯಿತು. ಕೆಳಗಿನ ಕಡಿದಾದ ಇಳಿಜಾರನ್ನು ಅಗೆದು ಮನೆ ಕಟ್ಟುವುದನ್ನು ತಡೆಯಲಿಲ್ಲ.

2024ರ ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತ ಬಂದದ್ದು ಆ ರಾಜ್ಯದ ಕರಾವಳಿಯಿಂದಲ್ಲ. ಮೆಕ್ಸಿಕೋ ಕೊಲ್ಲಿಯಿಂದ ಫ್ಲೋರಿಡಾ, ಜಾರ್ಜಿಯಾ ದಾಟಿ ನೇರವಾಗಿ ಬೆಟ್ಟಸೀಮೆಗೆ. ನೂರಾರು ಕಡೆ ಗುಡ್ಡ ಕುಸಿಯಿತು. ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆ್ಯಶ್‌ವಿಲ್ ನಗರದ ನಲ್ಲಿಗಳಲ್ಲಿ ಐವತ್ತು ದಿನಗಳಿಗೂ ಹೆಚ್ಚು ಕಾಲ ಕುಡಿಯುವ ನೀರು ಬರಲಿಲ್ಲ.

ನಕ್ಷೆಯೊಂದೇ ಅಷ್ಟೂ ಜೀವಗಳನ್ನು ಉಳಿಸುತ್ತಿತ್ತು ಎನ್ನುವುದು ಸರಿಯಲ್ಲ. ಅಂಥ ಮಳೆಗೆ ಯಾವ ಇಳಿಜಾರೂ ಅಂಜದೆ ನಿಲ್ಲದು. ಆದರೆ ತನ್ನ ಮನೆಯ ಹಿಂದಿನ ಗುಡ್ಡ ಹಿಂದೊಮ್ಮೆ ಜರಿದಿತ್ತೇ, ಮಳೆ ಹೆಚ್ಚಿದರೆ ಯಾವ ದಾರಿಯಲ್ಲಿ ಹೊರಡಬೇಕು ಎಂದು ತಿಳಿಯುವುದು ಅಲ್ಲಿನ ನಿವಾಸಿಯ ಹಕ್ಕು. ಜಮೀನಿನ ಬೆಲೆ ಕಾಯಲು ಆ ತಿಳಿವನ್ನು ಏಳು ವರ್ಷ ತಡೆಹಿಡಿದರೆ, ನಷ್ಟ ಜಮೀನು ಮಾರಿಹೋದವನದ್ದಲ್ಲ, ಅಲ್ಲಿ ಉಳಿದವನದ್ದು. ಭೂಗೋಳ ಓದುವ ವಿದ್ಯಾರ್ಥಿ ಮೂರು ಸೀಮೆಗಳ ಹೆಸರು ಕಲಿತರೆ ಸಾಲದು. ಯಾವ ಇಳಿಜಾರಿನ ಕೆಳಗೆ ಯಾರು ವಾಸಿಸುತ್ತಾರೆಂಬುದನ್ನೂ ಗುರುತಿಸಬೇಕು.